ಹುಲ್ಲುಟೋಪಿ ತೊಟ್ಟ ಬೆರಕೆ ಪಿಯೋನಿ

ಹಿಮ ತಡೆಯಲು ತಾನು ಹೆಣೆದ ಹುಲ್ಲುಟೋಪಿ ತೊಟ್ಟ ಪಿಯೋನಿ ಹೂಗಿಡವನ್ನು ಕಂಡರೆ ಯಮನೂ ಕೈಮುಗಿದು ವಾಪಸಾಗುತ್ತಾನೆ ಎಂಬುದು ದೈಕೊನ್ ದ್ವೀಪದ ಸಸಿ ವ್ಯಾಪಾರಿ ತೊಮೆಜಿಯ ಜಂಬ. ಮೂವತ್ತು ಚಳಿಗಾಲ, ಒಂದು ಸಾವಿಲ್ಲ!

ಅವನು ಮಾರುವುದು ಬೊಟಾನ್, ಹಿಮದಲ್ಲೂ ಕೊಂಬೆಯಲ್ಲಿ ಜೀವ ಹಿಡಿಯುವ ಮರದ ಪಿಯೋನಿ. ಅತ್ತೆ ಇಶಿ ಬೆಳೆಯುವುದು ಶಕುಯಾಕು, ಚಳಿ ಬಂದರೆ ನೆಲದೊಳಗೆ ಮಲಗಿಬಿಡುವ ಸೊಪ್ಪಿನ ಪಿಯೋನಿ. ಈ ಎರಡಕ್ಕೂ ನೆಂಟಸ್ತನವಾಗಿ ಹುಟ್ಟಿದ ಹಳದಿ ಹೂವಿನ ಬೆರಕೆ ಗಿಡವೊಂದನ್ನು ಆಕೆ ಅಳಿಯನ ಅಂಗಳದಲ್ಲಿ ನೆಟ್ಟು ಹೋದಳು. ಮೇ ತಿಂಗಳಲ್ಲಿ ಹೂ ತೋರಿಸಿದರೆ ತನ್ನ ಪಾತಿಯ ಬೆರಕೆ ಸಸಿಗಳೆಲ್ಲ ಅವನ ಮಾರಾಟಕ್ಕೆ. ಇಲ್ಲವಾದರೆ ಎದುರಂಗಡಿಯ ಹಿರೋಸೆಗೆ.

ಎಲೆ ಉದುರಿದಾಗ ಹೆಂಡತಿ ಸುಮಿ ಕಡ್ಡಿಗಳನ್ನು ಗೇಣುದ್ದ ಬಿಟ್ಟು ಕತ್ತರಿಸೋಣ ಎಂದಳು. ಸೊಪ್ಪಿನವರ ಮಗಳಿಗೆ ಮರದ ಮರ್ಯಾದೆ ಏನು ಗೊತ್ತು ಎಂದು ನಕ್ಕು, ತೊಮೆಜಿ ಮದುಮಗನ ಪೇಟದಂಥ ಟೋಪಿ ಹೆಣೆದು ತೊಡಿಸಿದ.

ಮಾರ್ಚಿನಲ್ಲಿ ಟೋಪಿ ತೆಗೆದು ಕಡ್ಡಿಯನ್ನು ಉಗುರಿನಿಂದ ಕೆರೆದ. ಹಸಿರಿಲ್ಲ. ಇನ್ನೊಂದನ್ನು ಕೆರೆದ. ಪುಡಿ ಉದುರಿತು. ಬೊಟಾನ್ ಶಾಸ್ತ್ರದ ಪ್ರಕಾರ ಅದು ಹೆಣ.

ಸುಮಿ ಚಿಪ್ಪುಮೀನು ತರಲು ಹೋದ ಹೊತ್ತು ನೋಡಿ ಕಡ್ಡಿಗಳನ್ನು ನೆಲಮಟ್ಟಕ್ಕೆ ಕತ್ತರಿಸಿದ. ಅದೇ ಜಾಗದಲ್ಲಿ ಅಂಗಡಿಯ ಹಳದಿ ಬೊಟಾನೊಂದನ್ನು ಕುಂಡ ಸಮೇತ ಕೂರಿಸಿ, ಕುಂಡ ಕಾಣದಂತೆ ಮಣ್ಣು ಪೇರಿಸಿದ. ಸುಮಿ ದಿನಾ ನೀರು ಹಾಕಿದಳು, ಅದೂ ಗಿಡಕ್ಕಲ್ಲ, ಮಣ್ಣುಗುಡ್ಡೆಯ ಸುತ್ತಲಿನ ನೆಲಕ್ಕೆ.

"ಬೇರು ಎಲ್ಲಿದೆ ಅಂತಾನೂ ಗೊತ್ತಿಲ್ವೇನೇ ನಿಂಗೆ?"

"ಗೊತ್ತು," ಎಂದಳು.

ಏಪ್ರಿಲಿಡೀ ತೊಮೆಜಿ ಸಸಿ ಮಾರುತ್ತ ಊರೂರು ಅಲೆದ. ಮೇ ತಿಂಗಳಲ್ಲಿ ಮರಳಿದಾಗ ಅತ್ತೆ ಆಗಲೇ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಬೊಟಾನ್ ತಟ್ಟೆಯಗಲ ಅರಳಿತ್ತು. ಆದರೆ ಭಾರಕ್ಕೆ ತಲೆ ತಗ್ಗಿಸಿತ್ತು. ಆಕೆ ಹೂವಿನ ಗದ್ದ ಹಿಡಿದೆತ್ತಿದಳು.

"ನನ್ ಗಿಡ ಯಾರ ಮುಂದೂ ತಲೆ ಬಗ್ಸಲ್ಲ ಕಣಯ್ಯಾ. ಇದ್ಯಾರು?"

ಕಡಲ ಗಾಳಿ, ಈ ವರ್ಷದ ಬಿಸಿಲು ಎಂದೇನೋ ತೊಮೆಜಿ ತೊದಲಿದ. ಅಷ್ಟರಲ್ಲಿ ಆಕೆಯ ಕೈ ಎಲೆಗಳನ್ನು ಸರಿಸಿತ್ತು. ಗುಡ್ಡೆಯ ಸುತ್ತ, ಸುಮಿ ನೀರೆರೆದಲ್ಲೆಲ್ಲ, ನೆಲದೊಳಗಿಂದ ಎದ್ದ ಬೆರಕೆಯ ದಪ್ಪ ದಂಟುಗಳು ಆಸರೆಯಿಲ್ಲದೆ ನೆಟ್ಟಗೆ ನಿಂತಿದ್ದವು. ತುದಿಯಲ್ಲಿ ಹಳದಿ ಇಣುಕುವ ಮೊಗ್ಗು. ಕುಂಡವೇ ಒಂದು ಪಕ್ಕಕ್ಕೆ ವಾಲಿತ್ತು.

ಸಸಿಗಳು ಹಿರೋಸೆಗೂ ಇಲ್ಲ, ಅಳಿಯನಿಗೂ ಇಲ್ಲ, ಸುಮಿಗೆ ಎಂದು ಅಲ್ಲೇ ತೀರ್ಪಾಯಿತು. ಬುಟ್ಟಿ ಹೊರಲು ಬೇಕಾದರೆ ಅವನು ಹಿಂದೆ ಹೋಗಬಹುದು.

"ನೀನು ಟೋಪಿ ತೊಡಿಸ್ದೆ, ಬಂತು. ಕತ್ತರಿಸ್ದೆ, ಬಂತು. ನೆತ್ತಿ ಮೇಲೆ ಕುಂಡ ಕೂರಿಸ್ದೆ, ಆಗ್ಲೂ ಬಂತು," ಎನ್ನುತ್ತ ಇಶಿ ಮಂಡಿ ಹಿಡಿದು ಎದ್ದಳು. "ನಿನ್ ಕೈಲಿ ಬದುಕೋಕೆ ಇಂಥ ತಳೀನೇ ಬೇಕು ಅಂತ ನಂಗೆ ಮೊದ್ಲೇ ಗೊತ್ತಿತ್ತು. ಅದಕ್ಕೇ ಮಗಳನ್ನ ಕೊಟ್ಟಿದ್ದು."