ಕಾಕಾ ಮಾಡಿದ ಮೀನಿನ ಸ್ಟ್ಯಾಂಡು

ನಮ್ಮ ಕಾಕಾ ತಮ್ಮನ್ನು ಅರ್ಧ ಎಂಜಿನಿಯರ್ ಎಂದು ತಿಳಿದಿದ್ದಾರೆ. ಅಂದರೆ ಬಿಚ್ಚುವ ಅರ್ಧ! ಜೋಡಿಸುವ ಅರ್ಧ ಯಾರ ಹತ್ತಿರ ಉಳಿದಿದೆಯೋ ಇಂದಿಗೂ ಪತ್ತೆಯಾಗಿಲ್ಲ. ರಾಣೆಬೆನ್ನೂರಿನ ಅವರ ಮನೆಯಲ್ಲಿ ರೇಡಿಯೊ, ಮಿಕ್ಸರ್, ಮೂರು ಗಡಿಯಾರ, ಎಲ್ಲವೂ ಒಂದೇ ಡಬ್ಬಿಯಲ್ಲಿ ತುಂಡುತುಂಡಾಗಿ ವಿಶ್ರಾಂತಿ ಪಡೆಯುತ್ತಿದ್ದವು. ಆ ವರ್ಷ ಹೊಸದಾಗಿ ಬಂದ ಮೊಬೈಲನ್ನು ಅವರ ಹೆಂಡತಿ, ನಮ್ಮ ಕಾಕು, ಸೆರಗಿನಲ್ಲಿ ಗಂಟು ಹಾಕಿಕೊಂಡೇ ತಿರುಗುತ್ತಿದ್ದರು.

ಇಂಥವರಿಗೆ ವರ್ಗವಾಗಿ ಹೋಗುತ್ತಿದ್ದ ಗೆಳೆಯರೊಬ್ಬರು ಮೂರಡಿ ಉದ್ದದ ಗಾಜಿನ ತೊಟ್ಟಿಯನ್ನು ಐದು ಮೀನುಗಳ ಸಮೇತ ಕೊಟ್ಟರು. ಸ್ಟ್ಯಾಂಡು ಮಾತ್ರ ಕೊಡಲಿಲ್ಲ. ಜಾಣರು, ಅದರ ಮೇಲೆ ಟೀವಿ ಇಟ್ಟುಕೊಂಡರಂತೆ! ಅಂಗಡಿಗೆ ಹೋಗಿ ಸ್ಟ್ಯಾಂಡಿನ ಬೆಲೆ ಕೇಳಿ ಬಂದ ಕಾಕಾ ಗುಡುಗಿದರು:

"ನಾಕು ಕಾಲು, ಮ್ಯಾಲೊಂದು ಹಲಗಿ. ಇದಕ್ಕ ರೊಕ್ಕ ಕೊಡಬೇಕೇನು? ನಾ ಏನ್ ಸತ್ತೇನೇನು?"

"ಇನ್ನೂ ಇಲ್ರಿ. ಅದಕ್ಕ ಹೆದರಿಕಿ ನಮಗ," ಎಂದರು ಕಾಕು ಒಳಗಿನಿಂದ.

ಹಾವೇರಿಯ ಗಂಡನ ಮನೆ ಬಿಟ್ಟು ಬಂದ ನಾನು ಎರಡು ತಿಂಗಳಿಂದ ಕಾಕಾನ ಮನೆಯಲ್ಲಿಯೇ ಇದ್ದೆ. ಬ್ಯಾಡಗಿಯಲ್ಲಿದ್ದ ಅಪ್ಪ "ತಿರುಗಿ ಹೋಗು" ಎನ್ನುವುದನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕಾಕಾ "ಈ ತುದಿ ಹಿಡಿ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಹೀಗಾಗಿ ಎಲ್ಲ ತುದಿಗಳನ್ನೂ ಹಿಡಿದವಳು ನಾನೇ.

ಮೊದಲ ಸ್ಟ್ಯಾಂಡು ಹಳೆಯ ಮಂಚದ ಕಾಲುಗಳದ್ದು. ಅಳತೆಯೆಲ್ಲ ಗೇಣಿನಲ್ಲಿ, ಏಕೆಂದರೆ ಟೇಪನ್ನೂ ಬಿಚ್ಚಿಯಾಗಿತ್ತು! ಒಂದು ಕಾಲು ಉದ್ದವಾಯಿತೆಂದು ಕೊಯ್ದರು, ಇನ್ನೊಂದು ಉದ್ದವಾಯಿತು. ಅದನ್ನು ಕೊಯ್ದರು, ಮೊದಲಿನದು ಉದ್ದವಾಯಿತು. ಸಂಜೆಯ ಹೊತ್ತಿಗೆ ಸ್ಟ್ಯಾಂಡು ಮಣೆಯ ಎತ್ತರಕ್ಕೆ ಇಳಿಯಿತು. "ಕುಂತು ರೊಟ್ಟಿ ಬಡಿಯಾಕ ಛಲೋ ಆತು," ಎಂದು ಕಾಕು ಅದನ್ನು ಅಡುಗೆಮನೆಗೆ ಎತ್ತಿಕೊಂಡು ಹೋದರು.

ಎರಡನೆಯದಕ್ಕೆ ಬ್ಯಾಡಗಿಯ ಪರಿಚಯದ ಗೋದಾಮಿನಿಂದ ಪುಕ್ಕಟೆ ಹಲಗೆಗಳು ಬಂದವು. ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಹೊತ್ತ ಹಲಗೆಗಳು! ಗರಗಸ ಆಡಿದ್ದೇ ತಡ, ಸಂದಿಯೊಳಗಿನ ಖಾರವೆಲ್ಲ ಎದ್ದಿತು. ನಾನು ಸೀನಿದೆ, ಕಾಕು ಸೀನಿದರು, ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. "ಏನ್ರಿ, ಊರ ಖಾಲಿ ಮಾಡ್ಸಾಕತ್ತೀರೇನು?"

"ಮರಾ ಗಟ್ಟಿ ಐತ್ರಿ!" ಎಂದರು ಕಾಕಾ, ಮೂಗು ಒರೆಸಿಕೊಳ್ಳುತ್ತ.

ಮರ ಗಟ್ಟಿಯಿತ್ತು ನಿಜ. ಮೊಳೆಗಳು? ತೊಟ್ಟಿ ಇಟ್ಟು, ನೀರು ತುಂಬಿ, ಮೀನು ಬಿಟ್ಟು, "ನೋಡ್ರಿ ಈಗ" ಎಂದು ಕಾಕಾ ಒಂದು ಸೀನು ಸೀನಿದರು. ಸ್ಟ್ಯಾಂಡು ಮೆಲ್ಲಗೆ ಬಾಗಿ ನಮಸ್ಕಾರ ಮಾಡಿತು! ನೀರೆಲ್ಲ ನೆಲಕ್ಕೆ ಚೆಲ್ಲಿತು, ಖಾಲಿ ತೊಟ್ಟಿಯನ್ನು ನಾನು ಎದೆಗೆ ಅವಚಿಕೊಂಡೆ. ಕಾಕು ನೆಲದ ಮೇಲೆ ಒದ್ದಾಡುತ್ತಿದ್ದ ಐದೂ ಮೀನುಗಳನ್ನು ಸಾರಿನ ಪಾತೇಲಿಗೆ ಹಾಕಿ ಉಳಿಸಿದರು. ನಾವು ಸಸ್ಯಾಹಾರಿಗಳು. ಆ ಪಾತೇಲಿ ಮತ್ತೆ ಒಲೆಯ ಮುಖ ನೋಡಲಿಲ್ಲ.

ಮೂರನೆಯ ಸಲ ಕಾಕಾ ಗರಗಸ ಮುಟ್ಟಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಸಿಮೆಂಟ್ ಇಟ್ಟಿಗೆಗಳನ್ನು ಎರಡು ಕಡೆ ಪೇರಿಸಿ, ಮೇಲೆ ಕಡಪಾ ಕಲ್ಲು ಹಾಕಿ, ತೊಟ್ಟಿ ಇಟ್ಟರು. ಒತ್ತಿದೆವು, ನೂಕಿದೆವು. ಅಲ್ಲಾಡಲಿಲ್ಲ!

"ಕಾಕಾ, ಇದರಾಗ ನೀವು ಮಾಡಿದ್ದೇನ್ರಿ?" ಎಂದೆ.

"ಏನೂ ಮಾಡಿಲ್ಲ. ಅದಕ್ಕ ನಿಂತೈತಿ," ಎಂದರು ಕಾಕು.

ತೊಟ್ಟಿಗೆ ನೀರು ತುಂಬುತ್ತಿರುವಾಗಲೇ ಬ್ಯಾಡಗಿಯಿಂದ ಅಪ್ಪ ಬಂದರು. ಚಪ್ಪಲಿ ಸಹ ಬಿಡಲಿಲ್ಲ. "ಚೀಲ ತಗೋ. ಹಾವೇರಿಗೆ ಬಿಟ್ಟು ಬರ್ತೀನಿ. ಮಂದಿ ಏನ್ ಅಂದಾರು?"

ಕಾಕಾ ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡಿದವರಲ್ಲ. ಅಪ್ಪ ಬಂದರೆ ಹಿತ್ತಲಿಗೆ ಜಾರುವ ಮನುಷ್ಯ. ಅವತ್ತು ತಂಬಿಗೆ ಕೆಳಗಿಟ್ಟು, ಲುಂಗಿಗೆ ಕೈ ಒರೆಸಿಕೊಂಡು, ನನಗೂ ಅಪ್ಪನಿಗೂ ನಡುವೆ ಬಂದು ನಿಂತರು.

"ಅಣ್ಣಾ, ಕುಂದ್ರು. ನೀರು ಕುಡಿ. ಆಕಿ ಮಾತ್ರ ಬರಂಗಿಲ್ಲ. ಮಂದಿ ನನ್ನ ಬಗ್ಗೆ ಹೆಂಗೂ ಏನೇನೋ ಅಂತಾರ. ಇದೊಂದೂ ಸೇರ್ಸಿ ಅನ್ಲಿ."

ಅಪ್ಪ ಕುಳಿತು ನೀರು ಕುಡಿದರು. ಸಂಜೆಯ ಬಸ್ಸಿಗೆ ಒಬ್ಬರೇ ಹೋದರು.

ಅವರನ್ನು ಬಿಟ್ಟು ಬಂದ ಕಾಕಾ ನನ್ನ ಮುಖ ನೋಡದೆ, "ತೊಟ್ಟಿ ಇನ್ನೂ ಅರ್ಧ ಐತಿ. ಒಂದು ಕೊಡ ನೀರು ತಗೊಂಬಾ," ಎಂದರು.

ಹಿತ್ತಲಿಗೆ ಹೋಗಿ ನಳದ ಕೆಳಗೆ ಕೊಡ ಇಟ್ಟೆ. ಎರಡು ತಿಂಗಳಲ್ಲಿ ಒಮ್ಮೆಯೂ ಅಳದವಳು ಅಲ್ಲೇ ಕುಳಿತು ಅತ್ತೆ. ಕೊಡ ತುಂಬಿ ಹರಿಯುತ್ತಲೇ ಇತ್ತು. ಲಗೂ ಬಾ ಎಂದು ಒಳಗಿನಿಂದ ಯಾರೂ ಕೂಗಲಿಲ್ಲ.