ಹಸಿರು ಕಾರಿಗೆ ಸಾಕ್ಷಿ ಬೇಕಾಗಿದೆ

ನಮ್ಮ ಮಾಮಾನ ಅಪ್ಪಣೆಯಿಲ್ಲದೆ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಒಂದೇ ಒಂದು ಹಳೆಯ ಸ್ಪೋರ್ಟ್ಸ್ ಕಾರೂ ನಮ್ಮೂರು ಉಮರ್ಗಾ ದಾಟಲಾರದು! ಹಾಗಂತ ನಾನಲ್ಲ, ಅವನೇ ಹೇಳಿಕೊಳ್ಳುತ್ತಾನೆ. ಅವನ ಸ್ವಂತ ವಾಹನವೆಂದರೆ ಒಂದು ಮುದಿ ಸ್ಕೂಟರ್. ಎಡಕ್ಕೆ ಮಲಗಿಸಿ ಎಬ್ಬಿಸಿದರೆ ಮಾತ್ರ ಚಾಲೂ ಆಗುತ್ತದೆ. ಅದಕ್ಕಿರುವ ಒಂದೇ ಕನ್ನಡಿಯಲ್ಲಿ ರಸ್ತೆ ಕಾಣುವುದಿಲ್ಲ. ಹಿಂದೆ ಕೂತವರಿಗೆ ಮಾಮಾನ ಮೀಸೆ ಕಾಣುತ್ತದೆ. ತಿರುಗಿಸಿ ಸರಿಮಾಡೋಣವೆಂದರೆ ಅತ್ತೆ ಬಿಡುವುದಿಲ್ಲ. "ಇರ್ಲಿ ಬಿಡ್ರಿ, ಅದೇನ್ ಅನ್ನಾ ಬೇಡ್ತದೇನು?" ಅನ್ನುತ್ತಾಳೆ.

ಮಾಮಾನದು ಹೆದ್ದಾರಿಗೆ ಮುಖ ಮಾಡಿದ ಕಿರಾಣಿ ಅಂಗಡಿ. ಕೈ ತಕ್ಕಡಿಯ ಮೇಲೆ, ಕಿವಿ ರಸ್ತೆಯ ಮೇಲೆ. ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟು ಎಷ್ಟು ಮನೆಗಳ ಚಹಾ ಕೆಡಿಸಿದ್ದಾನೋ! ಬೆಳಗಿನ ಪೂಜೆಯಲ್ಲೂ ಇದೇ ಗೋಳು. ಎಡಗೈಯಲ್ಲಿ ಇಷ್ಟಲಿಂಗವಿದ್ದಾಗ ನಡುವೆ ಏಳುವಂತಿಲ್ಲ. ಸರಿಯಾಗಿ ಆಗಲೇ ಹೊರಗೆ ಯಾವುದೋ ಎಂಜಿನ್ ಗುಡುಗುತ್ತದೆ. "ಓಂ ನಮಃ ಶಿವಾಯ, ಏ ಯಾರರ ಹೊರಗ ಹೋಗ್ರಿ, ಓಂ ನಮಃ ಶಿವಾಯ, ಯಾವ ಗಾಡಿ ನೋಡ್ರಿ, ಓಂ ನಮಃ..." ಇಂಥ ಭಕ್ತನನ್ನು ಶಿವ ಹೇಗೆ ಸಹಿಸಿಕೊಂಡಿದ್ದಾನೋ, ಅವನೇ ಬಲ್ಲ.

ಪುಣೆಯಲ್ಲಿ ಹಳೆಯ ಕಾರುಗಳ ಪ್ರದರ್ಶನವಿದೆ, ಹೋಗೋಣ ಬಾ ಎಂದು ಒಮ್ಮೆ ನಾನೇ ಕರೆದೆ. ಮಾಮಾ ನನ್ನನ್ನು ಕನಿಕರದಿಂದ ನೋಡಿದ.

"ಅಳಿಯಾ, ಹಗ್ಗಾ ಕಟ್ಟಿ ನಿಂದ್ರಿಸಿದ್ದು ಕಾರಲ್ಲೋ, ಫೋಟೋ! ರಸ್ತಾದ ಮ್ಯಾಲ ತಾನಾಗೇ ಬಂದು ಕಣ್ಣಿಗಿ ಬೀಳಬೇಕು. ಅದು ನಸೀಬು."

ಈ ಹುಚ್ಚು ಹತ್ತಿದ್ದು ಮೂವತ್ತು ವರ್ಷದ ಹಿಂದೆ. ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಇದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಿಲಂಗಾದ ತವರಿಗೆ ಹೊರಟಿದ್ದನಂತೆ. ಹೆದ್ದಾರಿಯ ತಿರುವಿನಲ್ಲಿ ಉದ್ದ ಮೂತಿಯ, ಮೇಲೆ ಮುಚ್ಚಳವಿಲ್ಲದ, ಎರಡೇ ಸೀಟಿನ ಹಸಿರು ಕಾರೊಂದು ಎದುರಿಗೆ ಬಂದು ಸುಂಯ್ ಎಂದು ಹೋಯಿತಂತೆ. ಊರಲ್ಲಿ ಯಾರು ನಂಬುತ್ತಾರೆ? ಟ್ರಾಲಿ ಬಿಚ್ಚಿದ ಟ್ರ್ಯಾಕ್ಟರ್ ನೋಡಿರಬೇಕು ಎಂದು ನಕ್ಕರು. ಅಂದಿನಿಂದ ಅವನು ಪೇಟೆಗೆಲ್ಲ ಟ್ರ್ಯಾಕ್ಟರ್ ಶೇಟ್!

ಇದ್ದ ಒಬ್ಬಳೇ ಸಾಕ್ಷಿ ಅತ್ತೆ. ಅವಳೋ, "ನಾ ನೋಡಿಲ್ರಿ" ಎಂದು ಕೈ ತೊಳೆದುಕೊಂಡಳು.

"ಕಣ್ಣ ಮುಚ್ಚಿದ್ದೇನು?"

"ಇಲ್ಲ, ತೆರದೇ ಇದ್ವು."

"ಮತ್ತ ಏನ್ ನೋಡ್ಲಾಕತ್ತಿದ್ದಿ?"

ಈ ಪ್ರಶ್ನೆಗೆ ಅತ್ತೆ ಉತ್ತರ ಕೊಟ್ಟಿರಲಿಲ್ಲ. ಆ ಕಾರು ತನ್ನದಾಗಬೇಕೆಂದು ಮಾಮಾ ಎಂದೂ ಆಸೆಪಟ್ಟವನಲ್ಲ. "ಹೌದು, ನಾನೂ ನೋಡಿದೆ" ಎನ್ನುವ ಒಂದು ಬಾಯಿ ಸಿಕ್ಕರೆ ಸಾಕಿತ್ತು. ಅದಕ್ಕಾಗಿಯೇ ಮೂವತ್ತು ವರ್ಷ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಉದಗೀರದ ಮದುವೆಯೊಂದರಲ್ಲಿ, ಅಕ್ಷತೆಯ ಗಳಿಗೆಗೆ ಸರಿಯಾಗಿ ಹೊರಗೆ ಗುರ್ರ್ ಎಂಬ ಸದ್ದು. ಮಾಮಾ ಅಕ್ಷತೆ ಹಿಡಿದ ಮುಷ್ಟಿಯೊಂದಿಗೇ ಓಡಿದ, ಬೆನ್ನಿಗೆ ನಾನು. ನೋಡಿದರೆ ಕಬ್ಬಿನ ಹಾಲಿನ ಗಾಡಿ! ಅಷ್ಟರಲ್ಲಿ ಒಳಗೆ ವಾದ್ಯ ಮೊಳಗಿತು, ಎಲ್ಲರೂ ಅಕ್ಷತೆ ಎರಚಿದರು, ಮಾಮಾನೂ ಮುಷ್ಟಿ ಬಿಟ್ಟ. ಹೀಗಾಗಿ ಉದಗೀರದ ಒಂದು ಕಬ್ಬಿನ ಗಾಣಕ್ಕೆ ನಮ್ಮ ಮನೆತನದ ಆಶೀರ್ವಾದವಿದೆ.

ಮೊನ್ನೆ ಚಳಿಗಾಲದಲ್ಲಿ ನನ್ನ ಮೊಬೈಲಿಗೆ ಒಂದು ಸುದ್ದಿ ಬಂತು. ಹಳೆಯ ಕಾರುಗಳ ಸವಾರಿ ಹೈದರಾಬಾದಿನಿಂದ ಪುಣೆಗೆ ಹೊರಟಿದೆ, ಭಾನುವಾರ ಬೆಳಿಗ್ಗೆ ಉಮರ್ಗಾ ದಾಟುತ್ತದೆ. ಹೇಳಬಾರದಿತ್ತು, ಹೇಳಿಬಿಟ್ಟೆ! ಮಾಮಾ ಅಂಗಡಿಗೆ ಬೀಗ ಜಡಿದ. ನನ್ನನ್ನೂ ಅತ್ತೆಯನ್ನೂ ಹೆದ್ದಾರಿಯ ಅದೇ ತಿರುವಿಗೆ ಹೊರಡಿಸಿದ.

"ಅಳಿಯಾ, ನೀ ಮೊಬೈಲ್‌ನಾಗ ಹಿಡಿ," ಎಂದವನು ಅತ್ತೆಯತ್ತ ತಿರುಗಿದ. "ನೀ ಕಣ್ಣ ಪಿಳಕಿಸಬ್ಯಾಡ ನೋಡು!"

ಕಬ್ಬಿನ ಟ್ರಕ್ಕು ಬಂತು, ಎಸ್‌ಟಿ ಬಸ್ಸು ಬಂತು. ಮಾಮಾ ರಸ್ತೆಯ ಈ ಬದಿ ನಿಂತ, ಆ ಬದಿ ಹೋದ, ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಕಾಯ್ ಶೇಟ್, ಟ್ರ್ಯಾಕ್ಟರ್ ಆಲಾ ಕಾ?" ಎಂದು ಗುರುತಿನವನೊಬ್ಬ ಮೋಟರ್‌ಸೈಕಲ್ ಮೇಲಿಂದಲೇ, ಟ್ರ್ಯಾಕ್ಟರ್ ಬಂತೇನು ಅಂತ ಮರಾಠಿಯಲ್ಲಿ ಚುಚ್ಚಿಹೋದ. ಮಾಮಾನ ಕಿವಿಗೆ ಆಗಲೇ ಬೇರೆ ಏನೋ ಬಿದ್ದಿತ್ತು.

ದೂರದಿಂದ ಗಂಭೀರವಾದ ಒಂದು ಗುಡುಗು. ಮಾಮಾನ ಮೀಸೆ ನಡುಗಿತು, ಬಾಯಿ ತೆರೆಯಿತು. ಅರವತ್ತರ ಮುಖದಲ್ಲಿ ಆರು ವರ್ಷದ ನಗು ಎದ್ದಿತು. ಎರಡೂ ಕೈ ಜೋಡಿಸಿ, "ಶರಣು, ಶರಣಾರ್ಥಿ!" ಎಂದ. ಕಾರಿಗೆ! ಸುಂಯ್!

"ಸಿಕ್ಕಿತೇನೋ?"

ಮೊಬೈಲ್ ತೆರೆದು ನೋಡಿದೆ. ಕಾರಿನ ಒಂದು ಗಾಲಿಯೂ ಇಲ್ಲ. ಮೊದಲಿನಿಂದ ಕೊನೆಯವರೆಗೂ ಮಾಮಾನ ಮುಖ! ನನಗೇ ತಿಳಿಯದೆ ಅವನ ಕಡೆಗೆ ತಿರುಗಿಬಿಟ್ಟಿದ್ದೆ.

"ನೀನೂ ನೋಡ್ಲಿಲ್ಲಾ?" ಮಾಮಾನ ದನಿ ಸೋತುಹೋಗಿತ್ತು. ನನಗೆ ಅಳುವೇ ಬಂತು.

"ಅವಗ ಬೈಬ್ಯಾಡ್ರಿ," ಎಂದಳು ಅತ್ತೆ. "ನಾ ನೋಡೀನಿ. ಹಸರ ಇತ್ತು. ಎರಡ ಸೀಟು. ಮ್ಯಾಲ ಛತ್ತ ಇದ್ದಿಲ್ಲ. ನೀವು ಹೇಳಿದ್ದೆಲ್ಲಾ ಖರೇ ಅದ."

ಮಾಮಾ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಹಂಗಾರ ಅವತ್ತ ಯಾಕ ನೋಡ್ಲಿಲ್ಲ?"

ಅತ್ತೆ ಸೆರಗು ಸರಿಮಾಡಿಕೊಂಡಳು. "ಅವತ್ತ ಸ್ಕೂಟರ್ ಕನ್ನಡ್ಯಾಗ ನಿಮ್ಮ ಮಾರಿ ಕಾಣ್ತಿತ್ತು. ಈಗ ಇವ ಹಿಡದಾನಲ್ಲ, ಇದೇ ನಗಿ. ಅದನ್ನ ಬಿಟ್ಟು ಗಾಡಿ ಯಾರ ನೋಡ್ತಾರ್ರಿ?"

ಬೆನ್ನ ಹಿಂದೆ ಇನ್ನೊಂದು ಹಳೆಯ ಎಂಜಿನ್ ಗುಡುಗುತ್ತ ಬಂತು, ಹೋಯಿತು. ಮಾಮಾ ತಿರುಗಿ ನೋಡಲಿಲ್ಲ.