ಅಮೃತವ್ವನ ಹನ್ನೊಂದು ನಗು

ಅಳತೆ ಕಚೇರಿಯ ಬಾಗಿಲ ಬದಿಯಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಂತಿರುವ, ಮೂರು ಮುಖಗಳ ಶ್ರೀಮದ್ ಅಭಿಪ್ರಾಯ ಯಂತ್ರದವರ ಸನ್ನಿಧಿಗೆ,

ಅದೇ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಮಂದಿಯ ಅರ್ಜಿ ಬರೆದುಕೊಡುತ್ತಿರುವ ಸಕ್ರಪ್ಪನು ಬಿಸಿಲಲ್ಲಿ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಕರೆಂಟು ಹೋದರೆ ತಮಗೆ ಬ್ಯಾಟರಿ ಇದೆ, ದೂಳು ಕೂತರೆ ಒರೆಸಲು ಸಿಪಾಯಿ ಮಹಬೂಬಸಾಬ ಇದ್ದಾನೆ. ಒಳಗಿನ ಕಡತಗಳಿಗೆ ಈ ಎರಡೂ ಭಾಗ್ಯಗಳಿಲ್ಲ. ತಾವು ಯಾವ ಊರಿನ ಕಚೇರಿಯಲ್ಲಿ ನಿಂತಿದ್ದೀರಿ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ, ಏಕೆಂದರೆ ಬರೆದರೆ ಅಕ್ಕಪಕ್ಕದ ತಾಲೂಕಿನವರು ನಮ್ಮ ಕಚೇರಿಯನ್ನು ಬಿಟ್ಟುಬಿಟ್ಟನಲ್ಲ ಇವನು ಎಂದು ನೊಂದುಕೊಳ್ಳುತ್ತಾರೆ.

ತಮ್ಮ ದರ್ಶನಭಾಗ್ಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಕಳೆದ ಯುಗಾದಿಯ ಹೊತ್ತಿಗೆ ತಮ್ಮನ್ನು ತಂದು ನಿಲ್ಲಿಸಿದರು. ತಮ್ಮ ಎದೆಯ ಮೇಲೆ ಮೂರು ಗುಂಡಿಗಳು: ಹಸಿರು ಮುಖ ನಗುತ್ತದೆ, ಹಳದಿ ಮುಖ ಸುಮ್ಮನಿರುತ್ತದೆ, ಕೆಂಪು ಮುಖ ಅಳುತ್ತದೆ. ಕಚೇರಿಗೆ ಬಂದವರು ಹೋಗುವಾಗ ಒಂದನ್ನು ಒತ್ತಿ ಹೋಗಬೇಕು. ಸಂಜೆ ತಾವು ನಗುಗಳನ್ನು ಎಣಿಸಿ ಮೇಲಿನವರಿಗೆ ಕಳಿಸುತ್ತೀರಿ, ಮೇಲಿನವರು ಅದನ್ನು ನೋಡಿ ಈ ಕಚೇರಿ ಎಷ್ಟು ದಕ್ಷವೆಂದು ತೀರ್ಮಾನಿಸುತ್ತಾರೆ. ಇಷ್ಟು ಸುಲಭದ ಕೆಲಸಕ್ಕೆ ಹಿಂದಿನವರು ಕೆಲಸ ಆಯಿತೋ ಇಲ್ಲವೋ ಎಂದು ನೋಡುತ್ತಿದ್ದರಂತೆ, ಎಂಥ ದಡ್ಡರು!

ಈಗ ಬಾಳೆಹೊಸೂರಿನ ಅಮೃತವ್ವನ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ಆಸುಪಾಸಿನ ಈ ಹೆಣ್ಣುಮಗಳಿಗೆ ಎರಡು ಎಕರೆ ಎರೆಹೊಲವಿದೆ, ಹೊಲದಲ್ಲಿ ಮೆಣಸಿನಗಿಡವಿದೆ, ಆದರೆ ಹೊಲಕ್ಕೆ ಹೋಗಲು ದಾರಿ ಇಲ್ಲ. ಮೊದಲು ಎತ್ತಿನ ಚಕ್ಕಡಿ ಹೋಗುವಷ್ಟು ದಾರಿಯಿತ್ತು. ಪಕ್ಕದ ಹೊಲದ ಉಡಚಪ್ಪ ಅದನ್ನೂ ಸೇರಿಸಿ ಉತ್ತು ಹತ್ತಿ ಹಾಕಿದ್ದಾನೆ. ಅವನೇನೂ ಕೆಟ್ಟವನಲ್ಲ. "ಅಳತಿ ಆಗ್ಲಿ, ಕಲ್ಲು ಎಲ್ಲಿ ಬೀಳತೈತೋ ಅಲ್ಲಿಗೆ ನಾ ಸರೀತೀನಿ" ಎಂದು ಹಿರಿಯರ ಮುಂದೆ ಹೇಳಿದ್ದಾನೆ. ಸರ್ವೆಯವರು ಬಂದು ಸರಪಳಿ ಹಿಡಿದು ಎರಡು ಕಲ್ಲು ನೆಟ್ಟರೆ ಅರ್ಧ ದಿನದಲ್ಲಿ ಮುಗಿಯುವ ಮಾತು. ಹೋದ ವರ್ಷ ಆಕೆ ಮೆಣಸಿನಕಾಯಿಯ ಚೀಲಗಳನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆದು ರಸ್ತೆಗೆ ತಂದಳು. ಈ ವರ್ಷ ಮೊಣಕಾಲು ಒಲ್ಲೆನ್ನುತ್ತದೆ. ದಾರಿ ಆಗದಿದ್ದರೆ ಹೊಲವನ್ನು ಬೀಳು ಬಿಡುತ್ತೇನೆಂದು ನನ್ನ ಮೇಜಿನ ಮುಂದೆ ಕೂತು ಹೇಳಿದಾಗ ನನ್ನ ಪೆನ್ನು ಓಡಲಿಲ್ಲ.

ಆದರೂ ಓಡಿಸಿದೆ. ಒಂದಲ್ಲ ಎರಡಲ್ಲ, ಹನ್ನೊಂದು ಅರ್ಜಿ ಬರೆದೆ. ತಮ್ಮ ಕಚೇರಿಯ ನಿಯಮದಂತೆ ಪ್ರತಿ ಅರ್ಜಿ ಏಳು ದಿನಗಳಲ್ಲಿ ವಿಲೇವಾರಿಯಾಗಬೇಕು. ತಡವಾದರೆ ಅಂಕ ಕಡಿತ. ಆದ್ದರಿಂದ ಆರನೆಯ ದಿನ ತಪ್ಪದೆ ಉತ್ತರ ಬರುತ್ತಿತ್ತು: "ನಕ್ಷೆ ಲಗತ್ತಿಸಿಲ್ಲ, ಹೊಸದಾಗಿ ಅರ್ಜಿ ಸಲ್ಲಿಸುವುದು." ನಕ್ಷೆ ಲಗತ್ತಿಸಿದರೆ, "ನಕ್ಷೆ ಹಳೆಯದು, ಹೊಸದಾಗಿ ಅರ್ಜಿ ಸಲ್ಲಿಸುವುದು." ಹೊಸ ನಕ್ಷೆ ಕೇಳಿದರೆ, ಅದಕ್ಕೆ ಹೊಲವನ್ನು ಅಳೆಯಬೇಕು, ಅಳೆಯಲು ಅರ್ಜಿ ಸಲ್ಲಿಸುವುದು. ಹೀಗೆ ಒಂದು ಹೊಲವನ್ನು ಅಳೆಯದೆ ಹನ್ನೊಂದು ವಿಲೇವಾರಿ ಬೆಳೆದ ಈ ಕಚೇರಿಯನ್ನು ಕೃಷಿ ಇಲಾಖೆಯವರು ಬಂದು ನೋಡಬೇಕು. ಅಳೆಯುವ ಸಿಬ್ಬಂದಿ ಎಲ್ಲಿ ಎಂದು ವಿಚಾರಿಸಿದರೆ, ಎಷ್ಟು ಕೆಲಸ ಮಾಡಿದೆವೆಂಬ ಲೆಕ್ಕದ ತಖ್ತೆಗಳನ್ನು ತುಂಬುತ್ತ ಒಳಗೆ ಕೂತಿದ್ದಾರೆಂದು ತಿಳಿಯಿತು. ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರೆಂಬ ಗಾದೆಯನ್ನು ಕಟ್ಟಿದವರು ಯಾವುದೋ ಕಚೇರಿಗೆ ಹೋಗಿಬಂದವರೇ ಇರಬೇಕು.

ಮಾನ್ಯರೇ, ತಮ್ಮ ಪಾತ್ರ ಬರುವುದು ಇಲ್ಲಿ. ಮೊದಲ ದಿನ ಬರಿಗೈಯಲ್ಲಿ ಹೊರಬಂದ ಅಮೃತವ್ವನಿಗೆ, ಗುಂಡಿ ಒತ್ತದೆ ಹೋಗುವಂತಿಲ್ಲವೆಂದು ಹೇಳಿಕೊಟ್ಟವನು ಪಾಪಿ ನಾನೇ. ಅಳುವ ಮುಖವನ್ನು ಒತ್ತಲೂ ಹೇಳಿದೆ. ಆಕೆ ನನ್ನನ್ನೇ ಗದರಿದಳು: "ಹೊಸ್ತಲಾ ದಾಟೂ ಮುಂದ ಅಳೂ ಮಾರಿ ಮುಟ್ಟತಾರೇನೋ ತಮ್ಮಾ? ಇವತ್ತ ಆಗಿಲ್ಲ, ನಾಳಿ ಆಕ್ಕೈತಿ. ಬಂದ ಮನೀಗೆ ಕೆಟ್ಟದ್ದ ಬಯಸಬಾರದು." ಹೀಗೆಂದು ನಗುವ ಮುಖವನ್ನು ಮೆಲ್ಲಗೆ ಒತ್ತಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಹನ್ನೊಂದು ಸಲ ಬಂದಳು, ಹನ್ನೊಂದು ಸಲ ಒತ್ತಿದಳು. ಈ ಸೀಮೆಯ ಹೆಣ್ಣುಮಕ್ಕಳೆಲ್ಲ ಹಾಗೆಯೇ; ಯಾರ ಹೊಸ್ತಿಲಲ್ಲೂ ಕಣ್ಣೀರು ಬಿಟ್ಟು ಹೋಗುವವರಲ್ಲ. ಕೆಲಸವಾದವನು ಒಮ್ಮೆ ಬಂದು ಒಂದೇ ನಗು ಕೊಟ್ಟು ಹೋಗುತ್ತಾನೆ. ಕೆಲಸವಾಗದ ಅಮೃತವ್ವ ಹನ್ನೊಂದು ಕೊಟ್ಟಳು. ಅಂದಮೇಲೆ ಯಾರ ಕೆಲಸವನ್ನೂ ಮಾಡದಿರುವುದೇ ಲಾಭವೆಂದು ತಾವು ಕಲಿಸಿದ ಲೆಕ್ಕವನ್ನು ಒಳಗಿನವರು ಬೇಗ ಕಲಿತರು. "ನಗೂ ಮಾರಿ ಸವದ ಹೋಗೇತ್ರಿ ಸಕ್ರಪ್ಪನವರ, ಬಾಯೇ ಇಲ್ಲ" ಎಂದು ಮಹಬೂಬಸಾಬ ತೋರಿಸಿದಾಗ ನೋಡಿದೆ. ಖರೆ, ತಮ್ಮ ಹಸಿರು ಮುಖದಲ್ಲಿ ಕಣ್ಣೆರಡೇ ಉಳಿದಿವೆ.

ಹೀಗಾಗಿ ನಮ್ಮ ಕಚೇರಿ ದಕ್ಷತೆಯಲ್ಲಿ ಮೊದಲನೆಯದಾಯಿತು. ಗದಗಿನಲ್ಲಿ ಸಮಾರಂಭ. ಒಬ್ಬ ಸಂತೃಪ್ತ ನಾಗರಿಕರನ್ನೂ ವೇದಿಕೆಗೆ ಕರೆಯಬೇಕೆಂದು ಮೇಲಿನಿಂದ ಆದೇಶ ಬಂತು. ಹೆಚ್ಚು ಸಲ ನಗುವನ್ನು ಒತ್ತಿದವರು ಯಾರೆಂದು ಕಚೇರಿಯ ಸಾಹೇಬರು ಕೇಳಿದ್ದಕ್ಕೆ ಮಹಬೂಬಸಾಬ, ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಅಮೃತವ್ವನ ಹೆಸರು ಹೇಳಿದ. ಇದರಲ್ಲಿ ಇನ್ನೊಂದು ಸೊಗಸಿದೆ. ಹನ್ನೊಂದನೆಯ ಅರ್ಜಿಯ ಮೇಲೆ ಕೊನೆಗೂ ಅಳತೆಗೆ ದಿನ ಗೊತ್ತಾಗಿತ್ತು. ಆ ದಿನವೇ ಸಮಾರಂಭ ಬಂದದ್ದರಿಂದ, ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಲು ಬೇಕಾದ್ದರಿಂದ, ಅಳತೆಯನ್ನು ಮುಂದೂಡಿ ಅರ್ಜಿಯನ್ನು ವಿಲೇವಾರಿ ಮಾಡಲಾಯಿತು.

ಶಾಲು ಹೊದಿಸಿ, ಹಾರ ಹಾಕಿ, ಮೈಕು ಕೊಟ್ಟರು. "ಶಾಲು ಭಾಳ ಚಲೋ ಐತ್ರಿ ಸಾಹೇಬ್ರ" ಎಂದಳು ಅಮೃತವ್ವ. ಚಪ್ಪಾಳೆ. "ನಮ್ಮ ಹೊಲ ಅಳ್ಯಾಕ ಯಾವಾಗ ಬರ್ತೀರಿ?" ಎಂದಳು. ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು, ಮತ್ತು ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ಬೇವಿನ ಮರದ ಕೆಳಗೆ ಇಷ್ಟು ವರ್ಷ ಕೂತು, "ತಮ್ಮ ದಯೆ ಇರಲಿ" ಎಂದು ಬರೆದು ಬರೆದು, ನೆಟ್ಟಗೆ ಪ್ರಶ್ನೆ ಕೇಳುವ ದನಿಯನ್ನು ನಾನು ಕಳೆದುಕೊಂಡಿದ್ದೆ. ಆಕೆ ಶಾಲಿನ ಕೆಳಗೂ ಅದನ್ನು ಉಳಿಸಿಕೊಂಡಿದ್ದಳು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ಒತ್ತುವ ಬೆರಳು ಹೊಸದೋ ಅಥವಾ ಅದೇ ಬೆರಳು ಹನ್ನೊಂದನೆಯ ಸಲ ಬಂದಿದೆಯೋ ಎಂಬುದನ್ನು ಅದರ ಸವೆತದಿಂದ ತಿಳಿಯುವ ವಿದ್ಯೆಯನ್ನು ತಾವು ದಯಮಾಡಿ ಕಲಿಯಬೇಕು. ನಾಲ್ಕನೆಯ ಮುಖವೊಂದನ್ನು ಧರಿಸಬೇಕು. ಅದು ನಗುವುದೂ ಬೇಡ, ಅಳುವುದೂ ಬೇಡ, ನಾಳೆ ಬಾ ಎಂದು ಹೇಳಿಸಿಕೊಂಡು ಕೊನೆಯ ಬಸ್ಸಿಗೆ ಕಾಯುವವರ ಮುಖವಾಗಿದ್ದರೆ ಸಾಕು. ಇದಾವುದೂ ಸಾಧ್ಯವಿಲ್ಲವಾದರೆ, ತಾವೇ ಒಂದು ದಿನ ರಜೆ ಹಾಕಿ ಲಕ್ಷ್ಮೇಶ್ವರದ ಮೇಲೆ ಹಾಯ್ದು ಬಾಳೆಹೊಸೂರಿಗೆ ಬಂದು, ಅಮೃತವ್ವನ ಮತ್ತು ಉಡಚಪ್ಪನ ಹೊಲದ ನಡುವೆ ಗಡಿಕಲ್ಲಾಗಿ ನಿಂತುಬಿಡಬೇಕು. ಆಳೆತ್ತರವಿದ್ದೀರಿ, ಬಂದವರಿಗೆ ತೋರಿಸಲು ಮೂರು ಮುಖವಿದೆ, ಕಲ್ಲಿನಷ್ಟೇ ಕರುಣೆಯಿದೆ. ಆ ಕೆಲಸಕ್ಕೆ ತಮಗಿಂತ ದಕ್ಷರು ಸಿಗಲಾರರು. ಗಿಡದಿಂದ ಮೆಣಸಿನಕಾಯಿ ಹರಿಯಲು ಇನ್ನು ಹದಿನೈದು ದಿನವಿದೆ, ಅಷ್ಟರೊಳಗೆ ದಯಮಾಡಿಸಿದರೆ ಚಕ್ಕಡಿ ಹೊಲಕ್ಕೆ ಬರುತ್ತದೆ.

ಮೂರೂ ಮುಖಗಳಿಗೆ ಭೇದವಿಲ್ಲದೆ,
ತಮ್ಮ ವಿಶ್ವಾಸಿ,
ಸಕ್ರಪ್ಪ, ಅರ್ಜಿ ಬರೆಯುವವ

ತಾ.ಕ.: ಈ ಪತ್ರವನ್ನು ಪತ್ರಿಕೆಗೆ ಕಳಿಸಬೇಕೆನ್ನುವಷ್ಟರಲ್ಲಿ ಒಂದು ಸುದ್ದಿ ಬಂದಿದೆ. ಕಚೇರಿಯ ಸಾಧನೆಯ ಪುಸ್ತಿಕೆಗೆ, ಸಂತೃಪ್ತ ನಾಗರಿಕಳು ಶಾಲು ಹೊದ್ದು ತನ್ನ ಹೊಲದಲ್ಲಿ ನಗುತ್ತಿರುವ ಫೋಟೋ ಬೇಕಾಗಿ, ನಿನ್ನೆ ಸಾಹೇಬರೇ ಫೋಟೋದವನನ್ನು ಕರೆದುಕೊಂಡು ಬಾಳೆಹೊಸೂರಿಗೆ ಹೋಗಿದ್ದರು. ಜೀಪು ಉಡಚಪ್ಪನ ಹತ್ತಿಯ ಮುಂದೆ ನಿಂತಿತು. ಇಳಿದು ನಾಲ್ಕು ಹೆಜ್ಜೆ ಇಟ್ಟ ಸಾಹೇಬರ ಬೂಟು ಎರೆಮಣ್ಣಿನಲ್ಲಿ ಹೂತಿತು. "ಹೊಲಕ್ಕ ದಾರಿನ ಇಲ್ಲಲ್ಲಬೇ!" ಎಂದು ಅವರು ಕೂಗಿದ್ದಕ್ಕೆ, ಆಚೆ ಮೆಣಸಿನಗಿಡದ ನಡುವೆ ನಿಂತಿದ್ದ ಅಮೃತವ್ವ ಬಹಳ ಗೌರವದಿಂದ, "ಅರ್ಜಿ ಕೊಡ್ರಿ ಸಾಹೇಬ್ರ, ಏಳ ದಿನದಾಗ ವಿಲೇವಾರಿ ಮಾಡತೀನಿ" ಎಂದಳಂತೆ. ಸಾಹೇಬರಿಗೆ ತಿಳಿಸುವುದೇನೆಂದರೆ, ಬೇವಿನ ಮರದ ಕೆಳಗೆ ನನ್ನ ಮೇಜು ಖಾಲಿಯಿದೆ, ಹನ್ನೆರಡನೆಯ ಅರ್ಜಿಯನ್ನು ಅವರ ಹೆಸರಿನಲ್ಲಿ ಪುಕ್ಕಟೆಯಾಗಿ ಬರೆದುಕೊಡುತ್ತೇನೆ. ಒಕ್ಕಣೆ ನನಗೆ ಬಾಯಿಪಾಠವಾಗಿದೆ.